ಕೆರಿಬಿಯನ್ ಟ್ರಿಪ್ ಬಜೆಟ್‌ಗೆ ಕುವೆಂಪುನಗರದ ಟ್ರಾವೆಲ್ಸ್: ಲೆಕ್ಕ ಹಾಕಿಸಿಕೊಳ್ಳಿ, ಪ್ಯಾಕೇಜ್ ಬೇಡ

ಬಾರ್ಬಡೋಸ್, ಟ್ರಿನಿಡಾಡ್ ಕಡೆ ಹೋಗಬೇಕು ಅಂತ ಆಸೆ ಇದ್ದು, ಎಷ್ಟು ದುಡ್ಡು ಬೇಕು ಅನ್ನೋದೇ ತಿಳಿಯದೆ ಕೂತಿರುವ ಮೈಸೂರಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕುವೆಂಪುನಗರ ಕಾಂಪ್ಲೆಕ್ಸ್ ಹತ್ತಿರ, ಮೊದಲನೇ ಮಹಡಿಯಲ್ಲಿ ಒಂದು ಸಣ್ಣ ಟ್ರಾವೆಲ್ಸ್ ಇದೆ. ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಅವರ ಮೇಲೆ ನನ್ನದೊಂದು ದೊಡ್ಡ ದೂರೂ ಇದೆ. ಪ್ಯಾಕೇಜ್ ತಗೊಳ್ಳದಿದ್ದರೂ 2,000 ರೂಪಾಯಿ ಫೀಸ್ ಕೊಟ್ಟರೆ ಪೂರ್ತಿ ಬಜೆಟ್ ಹಾಕಿಕೊಡುತ್ತಾರೆ. ಆ ಕೆಲಸಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ನಾಲ್ಕು ಸ್ಟಾರ್ ಯಾಕೆ ಅಂದ್ರೆ, ಅಲ್ಲಿ ಕೂತಿದ್ದ ಮೇಡಂ ಹೋಟೆಲ್ ಮಾತೇ ಮೊದಲು ಎತ್ತಲಿಲ್ಲ, ದಾರಿಯ ಲೆಕ್ಕ ಶುರು ಮಾಡಿದರು. ಬಾರ್ಬಡೋಸ್, ಟ್ರಿನಿಡಾಡ್, ಜಮೈಕಾಗೆ ನಮ್ಮ ಪಾಸ್‌ಪೋರ್ಟ್‌ನಲ್ಲಿ ಟೂರಿಸ್ಟ್ ಆಗಿ ಹೋಗೋಕೆ ವೀಸಾ ಬೇಡ ಅಂತ ಎಲ್ಲರೂ ಖುಷಿಪಡುತ್ತಾರೆ. ಆದರೆ ಅಲ್ಲಿಗೆ ತಲುಪೋ ದಾರಿಯಲ್ಲಿ ವೀಸಾ ಬೇಕಾಗುತ್ತೆ, ಅಲ್ವಾ? ಅಮೆರಿಕದಲ್ಲಿ ಸುಮ್ನೆ ವಿಮಾನ ಬದಲಿಸೋಕೂ ಟ್ರಾನ್ಸಿಟ್ ವೀಸಾ ಬೇಕು. ಒಬ್ಬೊಬ್ಬರಿಗೆ 185 ಡಾಲರ್ ಅರ್ಜಿ ಶುಲ್ಕ, ಮೇಲೆ ಇಂಟರ್‌ವ್ಯೂಗೆ ಚೆನ್ನೈಗೋ ಹೈದರಾಬಾದ್‌ಗೋ ಓಡಾಟ, ಉಳಿಯೋ ಖರ್ಚು. ನಾಲ್ಕು ಜನಕ್ಕೆ ಗುಣಿಸಿ ನೋಡಿ.

ನಾನು ಫೋನಿನಲ್ಲಿ ಒಂದು ಅಗ್ಗದ ಟಿಕೆಟ್ ತೋರಿಸಿದೆ. ಅವರು ಅದನ್ನು ಪ್ರಿಂಟ್ ತೆಗೆದು, ಗ್ಯಾಟ್‌ವಿಕ್ ಅನ್ನೋ ಲಂಡನ್ ಏರ್‌ಪೋರ್ಟ್ ಹೆಸರಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಬೆಂಗಳೂರಿಂದ ಹೋಗೋ ವಿಮಾನ ಇಳಿಯೋದು ಲಂಡನ್ನಿನದೇ ಇನ್ನೊಂದು ಏರ್‌ಪೋರ್ಟ್ ಹೀಥ್ರೋದಲ್ಲಿ. ಮುಂದಿನ ವಿಮಾನ ಗ್ಯಾಟ್‌ವಿಕ್‌ನಿಂದ ಇದ್ದರೆ ಲಗೇಜ್ ತಗೊಂಡು, ಇಮಿಗ್ರೇಶನ್ ದಾಟಿ, ಇನ್ನೊಂದು ಏರ್‌ಪೋರ್ಟ್‌ಗೆ ಬಸ್ ಹಿಡೀಬೇಕು. ಅದಕ್ಕೆ ಬ್ರಿಟನ್ನಿನ ಬೇರೆ ಥರದ ಟ್ರಾನ್ಸಿಟ್ ವೀಸಾ, ದುಡ್ಡೂ ಜಾಸ್ತಿ. ಹೀಥ್ರೋದಿಂದಲೇ ಬಾರ್ಬಡೋಸ್ ರಾಜಧಾನಿ ಬ್ರಿಜ್‌ಟೌನ್‌ಗೆ ಹೋಗೋ ವಿಮಾನ ಹಿಡಿದರೆ ಏರ್‌ಪೋರ್ಟ್ ಒಳಗಿನ ಟ್ರಾನ್ಸಿಟ್ ವೀಸಾ ಸಾಕು. ಟಿಕೆಟ್ ಸ್ವಲ್ಪ ದುಬಾರಿ ಕಂಡರೂ ಒಟ್ಟು ಲೆಕ್ಕದಲ್ಲಿ ಅದೇ ಕಡಿಮೆ ಬಿತ್ತು. ಮೈಸೂರಿಂದ ದೇವನಹಳ್ಳಿಗೆ ಫ್ಲೈಬಸ್ ಚಾರ್ಜು ಕೂಡ ಅವರ ಹಾಳೆಯಲ್ಲಿ ಇತ್ತು.

ಯಾವಾಗ ಹೋಗೋದು ಅನ್ನೋದರಲ್ಲೂ ಅವರ ಸಲಹೆ ಚೆನ್ನಾಗಿತ್ತು. ನಮ್ಮವರಿಗೆ ರಜೆ ಅಂದ್ರೆ ದಸರಾ. ಆ ಹೊತ್ತಿಗೆ ಅಲ್ಲಿ ಹೋಟೆಲ್ ರೇಟು ಇಳಿದಿರುತ್ತೆ, ನೋಡಿದರೆ ಆಸೆ ಆಗುತ್ತೆ. ಇಳಿದಿರೋದು ಯಾಕೆ ಅಂದ್ರೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಜೋರು. 2024ರ ಜೂನ್ 29ಕ್ಕೆ ಬ್ರಿಜ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡ, ಬೆರಿಲ್ ಚಂಡಮಾರುತಕ್ಕೆ ಏರ್‌ಪೋರ್ಟ್ ಮುಚ್ಚಿ ಅಲ್ಲೇ ಸಿಕ್ಕಿಹಾಕಿಕೊಂಡಿತ್ತಲ್ಲ. ಅವರಿಗೆ ವಿಶೇಷ ವಿಮಾನ ಬಂತು. ನಮಗೆ ಹೆಚ್ಚುವರಿ ದಿನಗಳ ಹೋಟೆಲ್ ಬಿಲ್ ಬರುತ್ತೆ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಚಳಿ ದೇಶದವರೆಲ್ಲ ಬಿಸಿಲಿಗೆ ಅಂತ ಅಲ್ಲಿಗೆ ಬರುವುದರಿಂದ ರೇಟು ಮೇಲೆ. ಉಳಿದದ್ದು ಏಪ್ರಿಲ್ ಕೊನೆ ಮತ್ತು ಮೇ. ನಮ್ಮ ಮಕ್ಕಳ ಬೇಸಿಗೆ ರಜೆಯೂ ಆಗಲೇ. ಇಷ್ಟು ಸರಿಯಾಗಿ ಹೊಂದಿಕೊಳ್ಳುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಆಗಲೂ ಬೇಕು, ಅದೂ ವಿಮಾನ ತಡವಾದರೆ ದುಡ್ಡು ಕೊಡುವಂಥದ್ದು.

ದಿನದ ಖರ್ಚಿಗೆ ಮೂರು ಕಾಲಂ ಹಾಕಿದ್ದರು: ರೂಪಾಯಿ, ಅಮೆರಿಕನ್ ಡಾಲರ್, ಅಲ್ಲಿನ ಡಾಲರ್. ಈ ಮೂರನೇ ಕಾಲಂ ತುಂಬಾ ಮುಖ್ಯ. ಬಾರ್ಬಡೋಸ್‌ನ 2 ಡಾಲರ್ ಅಂದ್ರೆ ಅಮೆರಿಕದ 1 ಡಾಲರ್, 1975ರಿಂದ ಅದು ಬದಲಾಗಿಲ್ಲ. ಅಲ್ಲಿ ಎರಡೂ ನೋಟು ನಡೆಯುತ್ತೆ. ಬೆಲೆ 40 ಅಂದ್ರೆ ಯಾವ ಡಾಲರ್ ಅಂತ ಕೇಳಲೇಬೇಕು. ಹೋಟೆಲ್ ಊಟದ ಬಿಲ್ಲಿಗೆ 17.5% ವ್ಯಾಟ್, ಜೊತೆಗೆ ಸಾಮಾನ್ಯವಾಗಿ 10% ಸರ್ವಿಸ್ ಚಾರ್ಜ್. ಬಸ್ ಮಾತ್ರ ಸುಖ: ಎಷ್ಟು ದೂರ ಹೋದರೂ 3.50 ಬಾರ್ಬಡೋಸ್ ಡಾಲರ್. ದ್ವೀಪದ ಉದ್ದವೇ 34 ಕಿಲೋಮೀಟರ್, ಮೈಸೂರಿಂದ ಮಂಡ್ಯಕ್ಕೆ ಹೋಗೋದಕ್ಕಿಂತ ಕಡಿಮೆ. ಬೀಚುಗಳೆಲ್ಲ ಸಾರ್ವಜನಿಕ, ಸಮುದ್ರದ ಪಕ್ಕದ ದುಬಾರಿ ರೂಮೇ ಬೇಕು ಅಂತೇನಿಲ್ಲ.

ಊಟದ ದುಡ್ಡು ಉಳಿಯೋದು ಟ್ರಿನಿಡಾಡ್‌ನಲ್ಲಿ. 1845ರಿಂದ ಕಬ್ಬಿನ ತೋಟದ ಕೂಲಿಗೆ ಹೋದ ನಮ್ಮ ದೇಶದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಬೆಳಗ್ಗೆ ರಸ್ತೆ ಬದಿಯಲ್ಲಿ ಡಬಲ್ಸ್ ಸಿಗುತ್ತೆ: ಅರಿಶಿನ ಹಾಕಿದ ಎರಡು ಮೆತ್ತನೆ ಬಾರಾ (ಎಣ್ಣೆಯಲ್ಲಿ ಕರಿದ ಸಣ್ಣ ರೊಟ್ಟಿ), ಮೇಲೆ ಬಿಸಿ ಕಾಬೂಲಿ ಕಡಲೆ ಪಲ್ಯ, ಹುಣಸೆ ಚಟ್ನಿ. ಖಾರ ಎಷ್ಟು ಅಂತ ಅವರೇ ಕೇಳುತ್ತಾರೆ. ಒಂದು ಅಮೆರಿಕನ್ ಡಾಲರ್ ಆಸುಪಾಸಿನಲ್ಲಿ ತಿಂಡಿ ಮುಗೀತು. ಮಧ್ಯಾಹ್ನಕ್ಕೆ ಬೇಳೆ ಪುಡಿ ತುಂಬಿದ ದಾಲ್‌ಪುರಿ. ಮಾಂಸ ಮುಟ್ಟದ ನಮ್ಮಮ್ಮನಿಗೆ ಯಾವ ತೊಂದರೆಯೂ ಆಗಲಿಲ್ಲ.

ಇಷ್ಟೆಲ್ಲ ಚೆನ್ನಾಗಿ ಮಾಡಿದವರು ಟ್ರಿನಿಡಾಡ್‌ಗೆ ಸೇರಿದ ಒಂದು ದೊಡ್ಡ ವಿಷಯವನ್ನೇ ಬಿಟ್ಟಿದ್ದರು. ಭಾರತ ಸರ್ಕಾರ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಸೇರಿಸಿದೆ. ಅಲ್ಲಿಂದ ವಾಪಸ್ ಬರುವಾಗ ಲಸಿಕೆ ಸರ್ಟಿಫಿಕೇಟ್ ಇಲ್ಲದಿದ್ದರೆ ಇಲ್ಲಿ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಸರ್ಟಿಫಿಕೇಟ್ ಊರ್ಜಿತ ಆಗೋದು ಲಸಿಕೆ ಹಾಕಿಸಿದ 10 ದಿನದ ನಂತರ. ಆಸ್ಪತ್ರೆಯಲ್ಲಿ ಕೆಲಸ ಮಾಡೋ ನನ್ನ ತಂಗಿ ಕೇಳಿದ್ದಕ್ಕೆ ನಮಗೆ ತಿಳೀತು. ಟ್ರಾವೆಲ್ಸ್‌ಗೆ ಹೋಗಿ ಕೇಳಿದರೆ ಅಲ್ಲಿದ್ದ ಇನ್ನೊಬ್ಬರು, ಅದು ಆರೋಗ್ಯ ಇಲಾಖೆಗೆ ಸೇರಿದ್ದು, ನಮ್ಮ ಕೆಲಸ ಅಲ್ಲ ಅಂದರು. ನನಗೆ ಸಿಟ್ಟು ಬಂತು. ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬರೋದು ಎಲ್ಲರ ಒಂದು ದಿನ, ಒಂದು ಕಾರು ಬಾಡಿಗೆ. 60 ದಾಟಿದವರು ಡಾಕ್ಟರನ್ನು ಕೇಳಿಯೇ ಹಾಕಿಸಬೇಕು, ಅಮ್ಮನಿಗೆ ಹಾಗೇ ಮಾಡಿದೆವು. ಬಸ್ ಚಾರ್ಜ್ ಬರೆದವರಿಗೆ ಇದನ್ನು ಬರೆಯೋದು ಕಷ್ಟವಿತ್ತಾ?

ಪ್ಯಾಕೇಜ್ ಬಗ್ಗೆ ಹೇಳೋದು ಇಷ್ಟೇ. ಊಟ, ಕುಡಿತ ಎಲ್ಲ ಸೇರಿದ ರೆಸಾರ್ಟ್ ತೋರಿಸುತ್ತಾರೆ. ಸಸ್ಯಾಹಾರಿಗಳು, ಕುಡಿಯದವರು ಅದಕ್ಕೆ ದುಡ್ಡು ಕೊಡೋದು ದಂಡ. ಬಿಲ್ ಮೇಲೆ ಜಿಎಸ್‌ಟಿ, ಟಿಸಿಎಸ್ (ಬಿಲ್ ಜೊತೆಗೇ ಮುಂಗಡವಾಗಿ ಹಿಡಿಯೋ ತೆರಿಗೆ) ಎರಡೂ ಹಾಕುತ್ತಾರೆ. ಟಿಸಿಎಸ್ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಸಿಗುತ್ತೆ, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿ ಇರಲ್ಲ.

ಹೋಗುವವರು ಆ ಮೇಡಂ ಇದ್ದಾಗಲೇ ಹೋಗಿ, ಬೆಳಗಿನ ಹೊತ್ತು ಇರುತ್ತಾರೆ. ಪಾಸ್‌ಪೋರ್ಟ್ ಕಾಪಿ ಒಯ್ಯಿರಿ, ಹಳದಿ ಜ್ವರದ ಲಸಿಕೆ ಖರ್ಚನ್ನೂ ಅವರ ಕೈಯಲ್ಲೇ ಬರೆಸಿಕೊಳ್ಳಿ.