ಹತ್ತನೇ ತರಗತಿ ಮುಗಿಸಲು ಸಾಕ್ಷರತಾ ಮಿಷನ್ನೋ, ಎನ್‌ಐಒಎಸ್ಸೋ?

ಏಳನೇ ತರಗತಿಗೇ ಶಾಲೆ ಬಿಟ್ಟು, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಬಂದ ಮಂಜೇಶ್ವರ, ಕುಂಬಳೆಯ ಅಕ್ಕಂದಿರಿಗೆ ಹತ್ತನೇ ಮುಗಿಸಲು ಎರಡು ದಾರಿಗಳಿವೆ: ಕೇರಳ ಸರಕಾರದ ಸಾಕ್ಷರತಾ ಮಿಷನ್, ಇಲ್ಲವೇ ಕೇಂದ್ರ ಸರಕಾರದ ಮುಕ್ತ ಶಾಲೆಯಾದ ಎನ್‌ಐಒಎಸ್.

ಸಾಕ್ಷರತಾ ಮಿಷನ್ನಿನ ತತ್ಸಮಾನ ಕೋರ್ಸಿಗೆ (ಹತ್ತನೇ ತರಗತಿಗೆ ಸಮವಾದದ್ದು) 17 ವರ್ಷ ತುಂಬಿ, ಏಳನೇ ಪಾಸಾಗಿರಬೇಕು. ಕಾಸರಗೋಡಿನಲ್ಲಿ ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ರಜಾದಿನಗಳಲ್ಲಿ ತರಗತಿ ಇರುವುದರಿಂದ ಕೂಲಿ ತಪ್ಪುವುದಿಲ್ಲ. ಜೊತೆಗೆ ಕೂತವರೂ ನಮ್ಮಂಥವರೇ. ಲೆಕ್ಕ ತಿಳಿಯದಿದ್ದರೆ ಕೇಳಲು ನಾಚಿಕೆಯಾಗದು. ಇದು ಸಣ್ಣ ವಿಷಯವಲ್ಲ.

ಎನ್‌ಐಒಎಸ್‌ಗೆ 14 ವರ್ಷವಾದರೆ ಸಾಕು. ವರ್ಷಕ್ಕೆ ಎರಡು ಬಾರಿ ಪರೀಕ್ಷೆ. 5 ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಬಹುದು. ಗಲ್ಫಿಗೆ ಹೋಗಿಬರುವವರಿಗೆ ಅನುಕೂಲ. ಆದರೆ ಬಹುಪಾಲು ಒಬ್ಬರೇ ಕೂತು ಓದಬೇಕು.

ಕನ್ನಡ ಶಾಲೆಯಲ್ಲಿ ಕಲಿತು, ಊರಲ್ಲೇ ಇರುವವರು ಮೊದಲನೆಯದನ್ನೇ ಹಿಡಿಯಿರಿ. ಪಂಚಾಯತಿನ ಸಾಕ್ಷರತಾ ಪ್ರೇರಕರನ್ನು (ಮಿಷನ್ನಿನ ಕೆಲಸ ನೋಡಿಕೊಳ್ಳುವವರು) ವಿಚಾರಿಸಿ, ಅರ್ಜಿ ತುಂಬಲೂ ಅವರು ನೆರವಾಗುತ್ತಾರೆ.