ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ನಿಘಂಟು

ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ, ಅಂದರೆ ಇಂಗ್ಲಿಷ್ ಪದಗಳ ಮೂಲ ಹೇಳುವ ಇಂಟರ್ನೆಟ್ ನಿಘಂಟು, ನನಗೆ ಹಿಡಿಸಿದ್ದು ಜಿಂಜರ್ ಅನ್ನುವ ಒಂದೇ ಪದದಿಂದ. ಸುಮ್ನೆ ಕುತೂಹಲಕ್ಕೆ ಹುಡುಕಿದ್ದೆ. ಹಳೆಯ ಇಂಗ್ಲಿಷಿನಿಂದ ಲ್ಯಾಟಿನ್‌ಗೆ, ಅಲ್ಲಿಂದ ಗ್ರೀಕಿನ ಜಿಂಗಿಬೆರಿಸ್‌ಗೆ, ಆಮೇಲೆ ಸಂಸ್ಕೃತದ ಶೃಂಗವೇರಕ್ಕೆ ಕರೆದುಕೊಂಡು ಹೋಯಿತು. ಶೃಂಗ ಅಂದರೆ ಕೊಂಬು, ವೇರ ಅಂದರೆ ಮೈ. ಶುಂಠಿ ಕೊಂಬು ಅಂತ ನಾವೂ ಹೇಳುತ್ತೇವಲ್ಲ, ಹಾಗಾಗಿ ಸರಿಯಾಗೇ ಇದೆ ಅನ್ನಿಸಿತು. ಆದರೆ ವಿವರಣೆ ಅಲ್ಲಿಗೆ ಮುಗಿಯಲಿಲ್ಲ. ಈ ಕೊಂಬಿನ ಅರ್ಥ ಆಮೇಲೆ ಹೊಂದಿಸಿಕೊಂಡದ್ದಿರಬಹುದು, ಮೂಲ ಪದ ದ್ರಾವಿಡ ಭಾಷೆಯದ್ದೇ ಇರಬಹುದು ಅಂತ ಹೇಳಿ, ಮಲಯಾಳಂನ ಇಂಚಿವೇರ್ ಅನ್ನು ಪಕ್ಕದಲ್ಲಿ ಇಟ್ಟಿತ್ತು. ವೇರ್ ಅಂದರೆ ನಮ್ಮ ಬೇರು! ಅಷ್ಟು ದೂರ ಸುತ್ತಿ ಬಂದ ಪದದ ಬಾಲದಲ್ಲಿ ಬೇರು ಸಿಕ್ಕಿದಾಗ ಆದ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ.

ಈ ನಿಘಂಟನ್ನು ಎಟಿಮ್‌ಆನ್‌ಲೈನ್ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಅಮೆರಿಕದ ಡಗ್ಲಸ್ ಹಾರ್ಪರ್ ಎಂಬ ಒಬ್ಬರು ಕೈಗೆತ್ತಿಕೊಂಡ ಕೆಲಸ ಇದು. ದುಡ್ಡು ಕೊಡದೆ ಬಳಸಬಹುದು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಪದದ ಇವತ್ತಿನ ಅರ್ಥ ಬೇಕಿದ್ದರೆ ಬೇರೆ ನಿಘಂಟು ನೋಡಿ. ಒಂದು ಪದ 600 ವರ್ಷದ ಹಿಂದೆಯೋ 2,000 ವರ್ಷದ ಹಿಂದೆಯೋ ಹೇಗಿತ್ತು, ಆಗ ಏನು ಅರ್ಥ ಇತ್ತು ಅನ್ನುವುದನ್ನು ತಿಳಿಸುವುದು ಇದರ ಕೆಲಸ. ಹಾಗಂತ ಅವರೇ ಬರೆದುಕೊಂಡಿದ್ದಾರೆ. ಪರೀಕ್ಷೆಗೆ ಓದುವವರು ಇದನ್ನು ತೆರೆದು "ಅರ್ಥವೇ ಇಲ್ಲವಲ್ಲ" ಅಂತ ಬೇಸರ ಮಾಡಿಕೊಂಡರೆ ಅದು ನಿಘಂಟಿನ ತಪ್ಪಲ್ಲ.

ಇದಕ್ಕೂ ಮುಂಚೆ ನಾನು ಬೇರೊಂದು ಆ್ಯಪ್‌ಗೆ ಚಂದಾ ಕಟ್ಟಿದ್ದೆ. ಹೆಸರು ಬೇಡ. ದಿನಕ್ಕೊಂದು ಅಪರೂಪದ ಪದ, ಜೊತೆಗೆ ಅದರ ಕಥೆ, ಚಂದದ ಚಿತ್ರ. ಒಂದು ದಿನ ಪಾಶ್ ಪದ ಬಂತು. ಹಿಂದೆ ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಹಡಗಿನಲ್ಲಿ ಬರುತ್ತಿದ್ದ ಸಾಹುಕಾರರು ಬಿಸಿಲು ಬೀಳದ ಕಡೆಯ ಕೋಣೆ ಹಿಡಿಯುತ್ತಿದ್ದರಂತೆ, ಇಂಡಿಯಾಕ್ಕೆ ಬರುವಾಗ ಎಡಗಡೆ, ಇಂಗ್ಲೆಂಡಿಗೆ ವಾಪಸ್ ಹೋಗುವಾಗ ಬಲಗಡೆ, ಅಂದರೆ ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್, ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿ ಪಾಶ್ ಆಯಿತಂತೆ. ನಾನು ನಂಬಿದೆ, ಹತ್ತು ಜನಕ್ಕೆ ಹೇಳಿದೆ. ಆಮೇಲೆ ನೋಡಿದರೆ ಆ ಕಥೆಗೆ ಯಾವ ಪುರಾವೆಯೂ ಇಲ್ಲ. ಸಬೊಟಾಜ್, ಅಂದರೆ ಬೇಕಂತಲೇ ಕೆಲಸ ಕೆಡಿಸುವುದು, ಆ ಪದದ್ದೂ ಹಾಗೇ. ಫ್ರೆಂಚಿನಲ್ಲಿ ಸಬೋ ಅಂದರೆ ಮರದ ಪಾದರಕ್ಷೆ, ಅಷ್ಟು ನಿಜ. ಆದರೆ ಕಾರ್ಮಿಕರು ಅದನ್ನು ಯಂತ್ರದೊಳಗೆ ಎಸೆದರು ಅನ್ನುವ ಭಾಗಕ್ಕೆ ಆಧಾರ ಇಲ್ಲ. ಆ ಆ್ಯಪ್‌ನವರಿಗೆ ಬರೆದು ಕೇಳಿದೆ, ಉತ್ತರ ಬರಲಿಲ್ಲ, ಚಂದಾ ನಿಲ್ಲಿಸಿದೆ. ದುಡ್ಡು ಹೋದದ್ದಕ್ಕಿಂತ, ನಾನು ಹೇಳಿದ ಸುಳ್ಳನ್ನು ಕೇಳಿದವರು ಇನ್ನೂ ಎಷ್ಟು ಜನಕ್ಕೆ ಹೇಳಿರಬಹುದು ಅನ್ನುವುದೇ ಜಾಸ್ತಿ ನೋವು.

ಎಟಿಮ್‌ಆನ್‌ಲೈನ್‌ನಲ್ಲಿ ನನಗೆ ಬಹಳ ಇಷ್ಟವಾದ ಗುಣ ಇದಕ್ಕೆ ಸರಿಯಾಗಿ ಎದುರಿನದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತದೆ. ಡಾಗ್ ಅನ್ನುವಷ್ಟು ಸಾಮಾನ್ಯ ಪದ ಎಲ್ಲಿಂದ ಬಂತು ಅಂತ ಯಾರಿಗೂ ತಿಳಿದಿಲ್ಲ, ಅದು ಇಂಗ್ಲಿಷಿನ ದೊಡ್ಡ ಒಗಟುಗಳಲ್ಲಿ ಒಂದು. ಅದನ್ನು ಹಾಗೇ ಒಪ್ಪಿಕೊಂಡು ಮುಂದೆ ಹೋಗುತ್ತದೆ. ಜನ ನಂಬಿರುವ ಸುಳ್ಳು ಕಥೆ ಇದ್ದರೆ ಅದನ್ನೂ ಹೇಳಿ, ಯಾಕೆ ನಂಬಬಾರದು ಅಂತಲೂ ಹೇಳುತ್ತದೆ.

ಈಗ ಗಿಡಗಳ ಹೆಸರಿಗೆ ಬರೋಣ, ನಾನು ಇದನ್ನು ಬಳಸುವುದೇ ಮುಖ್ಯವಾಗಿ ಅದಕ್ಕೆ. ಇಂಗ್ಲಿಷ್ ಕಾದಂಬರಿ ಓದುವಾಗ ಪುಟಕ್ಕೆ ನಾಲ್ಕು ಹೂವು ಬರುತ್ತವೆ, ಒಂದನ್ನೂ ಕಣ್ಣಿಂದ ನೋಡಿರುವುದಿಲ್ಲ, ಹೆಸರು ಓದಿಕೊಂಡು ಮುಂದೆ ಹೋಗುತ್ತೇವೆ. ಆದರೆ ಹೆಸರಿನ ಮೂಲ ಗೊತ್ತಾದ ಕೂಡಲೇ ಗಿಡ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಡೇಸಿ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಹಗಲಿನ ಕಣ್ಣು. ಬೆಳಿಗ್ಗೆ ದಳ ಬಿಚ್ಚುತ್ತದೆ, ಸಂಜೆ ಮುಚ್ಚುತ್ತದೆ. ನಮ್ಮ ಸಂಜೆಮಲ್ಲಿಗೆ ಸಂಜೆ ಅರಳುತ್ತದಲ್ಲ, ಅದಕ್ಕೆ ಹೆಸರಿಟ್ಟವರೂ ಇದಕ್ಕೆ ಹೆಸರಿಟ್ಟವರೂ ಒಂದೇ ಥರ ಹೂವನ್ನು ಕಾದು ನೋಡಿದವರು. ಡ್ಯಾಂಡೆಲಿಯನ್ ಅಂದರೆ ಫ್ರೆಂಚಿನಲ್ಲಿ ಸಿಂಹದ ಹಲ್ಲು. ಹೂವಿಗೂ ಸಿಂಹಕ್ಕೂ ಏನು ಸಂಬಂಧ ಅಂತ ನಾನು ಎಷ್ಟೋ ಕಾಲ ಯೋಚಿಸಿದ್ದೆ. ಹಲ್ಲು ಇರುವುದು ಎಲೆಯ ಅಂಚಿನಲ್ಲಿ. ಜೆರೇನಿಯಂ ಗ್ರೀಕಿನ ಕೊಕ್ಕರೆ ಜಾತಿಯ ಹಕ್ಕಿಯ ಹೆಸರಿನಿಂದ ಬಂದದ್ದು, ಕಾಯಿ ಉದ್ದ ಕೊಕ್ಕಿನ ಹಾಗೆ ಚೂಪಾಗಿರುವುದಕ್ಕೆ. ನಾಸ್ಟರ್ಷಿಯಂ ಅಂದರೆ ಮೂಗು ತಿರುಚುವುದು, ಅಷ್ಟು ಘಾಟು. ಟ್ಯುಲಿಪ್ ರುಮಾಲಿನಿಂದ ಬಂತು. ಪರ್ಷಿಯನ್ ಮತ್ತು ಟರ್ಕಿಶ್ ಭಾಷೆಯಲ್ಲಿ ರುಮಾಲಿಗಿದ್ದ ಪದವೇ ಟರ್ಬನ್ ಕೂಡ ಆಯಿತು, ಟ್ಯುಲಿಪ್ ಕೂಡ ಆಯಿತು. ಹೂವನ್ನು ಒಮ್ಮೆ ನೆನಪಿಸಿಕೊಳ್ಳಿ, ಸುತ್ತಿದ ರುಮಾಲಿನ ಹಾಗೇ ಇದೆ ಅಲ್ವಾ?

ಫಾಕ್ಸ್‌ಗ್ಲವ್ ಪದದ ಮೇಲೆ ನಾನು ಒಂದು ಇಡೀ ಸಂಜೆ ಕಳೆದೆ. ಹೆಸರಲ್ಲಿ ಇರುವುದು ನರಿಯ ಕೈಗವಸು. ಇದು ಮೊದಲು ಜನರ ಕೈಗವಸು ಅಂತಿತ್ತು, ಆಮೇಲೆ ಕೆಟ್ಟು ನರಿ ಆಯಿತು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಆದರೆ ಹಳೆಯ ಇಂಗ್ಲಿಷ್ ಬರಹದಲ್ಲೇ ನರಿ ಇದೆ. ಯಾಕೆ ನರಿ ಅನ್ನುವುದು ಕಳೆದುಹೋಗಿದೆ. ಇದೇ ಗಿಡದ ಲ್ಯಾಟಿನ್ ಹೆಸರು ಡಿಜಿಟಾಲಿಸ್, ಬೆರಳಿಗೆ ಸಂಬಂಧಪಟ್ಟದ್ದು ಅಂತ. 1542ರಲ್ಲಿ ಲಿಯೊನ್‌ಹಾರ್ಟ್ ಫುಕ್ಸ್ ಎಂಬ ಜರ್ಮನ್ ವೈದ್ಯರು ಇಟ್ಟದ್ದು. ಜರ್ಮನ್ ಭಾಷೆಯಲ್ಲಿ ಈ ಗಿಡಕ್ಕೆ ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಟೋಪಿಯ ಹೆಸರಿತ್ತು, ಅದನ್ನೇ ಅವರು ಲ್ಯಾಟಿನ್‌ಗೆ ತಂದರು. ಹೃದಯದ ಔಷಧಿಗೆ ಡಿಜಿಟಾಲಿಸ್ ಅನ್ನುವುದು ಇದರಿಂದಲೇ. ಆಮೇಲೆ ಆ ವೈದ್ಯರ ಹೆಸರೇ ಇನ್ನೊಂದು ಹೂವಿಗೆ ಹೋಯಿತು, ಫ್ಯೂಷಿಯ. ಒಂದು ಪದ ತೆರೆದರೆ ಇನ್ನೊಂದಕ್ಕೆ ಬಾಗಿಲು, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಹೋಗುತ್ತಾ ಊಟದ ಹೊತ್ತು ಮೀರಿದ್ದು ಎಷ್ಟೋ ಸಲ.

ಹಳೆಯ ಗಿಡಮೂಲಿಕೆಗಳ ಹೆಸರಲ್ಲಿ ಎರಡು ತುಣುಕು ಕಲಿತರೆ ಸಾಕು, ಅರ್ಧ ಕೆಲಸ ಆಗುತ್ತದೆ. ವರ್ಟ್ ಅಂದರೆ ಗಿಡ ಅಥವಾ ಬೇರು. ಬೇನ್ ಅಂದರೆ ಕೊಲ್ಲುವುದು. ಲಂಗ್‌ವರ್ಟ್ ಎಲೆಯ ಮೇಲೆ ಬಿಳಿ ಚುಕ್ಕೆ ಇರುತ್ತವೆ, ನೋಡಲು ಶ್ವಾಸಕೋಶದ ಹಾಗೆ, ಹಾಗಾಗಿ ಶ್ವಾಸಕೋಶದ ಕಾಯಿಲೆಗೆ ಅದೇ ಮದ್ದು ಅಂತ ಆಗಿನವರು ನಂಬಿದ್ದರು. ವುಲ್ಫ್ಸ್‌ಬೇನ್ ತೋಳವನ್ನು ಕೊಲ್ಲುವ ಗಿಡ, ಹೆನ್‌ಬೇನ್ ಕೋಳಿಯನ್ನು. ಹೆಸರೇ ಎಚ್ಚರಿಕೆ.

ಕಿವಿ ಮಾಡಿದ ತಪ್ಪುಗಳು ಬೇರೆ. ರೋಸ್‌ಮರಿಯಲ್ಲಿ ಗುಲಾಬಿಯೂ ಇಲ್ಲ, ಮೇರಿಯೂ ಇಲ್ಲ. ಲ್ಯಾಟಿನ್ನಿನಲ್ಲಿ ಅದು ಕಡಲ ಇಬ್ಬನಿ. ಜೆರುಸಲೇಮ್ ಆರ್ಟಿಚೋಕ್ ಗಡ್ಡೆ ಉತ್ತರ ಅಮೆರಿಕದ್ದು, ಸೂರ್ಯಕಾಂತಿಯ ಬಳಗದ್ದು. ಸೂರ್ಯನ ಕಡೆ ತಿರುಗುವುದು ಅನ್ನುವ ಇಟಾಲಿಯನ್ ಪದ ಜಿರಾಸೋಲೆ ಇಂಗ್ಲಿಷರ ಬಾಯಲ್ಲಿ ಜೆರುಸಲೇಮ್ ಆಯಿತು. ಆಸ್ಪರಾಗಸ್ ಅನ್ನಲು ಬಾರದೆ ಸ್ಪ್ಯಾರೋಗ್ರಾಸ್, ಅಂದರೆ ಗುಬ್ಬಿಹುಲ್ಲು, ಅಂತ ಕರೆದ ಕಾಲವೂ ಇತ್ತು. ಇಂಥ ತಪ್ಪುಗಳನ್ನು ಓದುವಾಗ ನನಗೆ ಆ ಜನರ ಮೇಲೆ ಪ್ರೀತಿ ಬರುತ್ತದೆ. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಕ್ಕೆ ಒಗ್ಗಿಸಿಕೊಳ್ಳುವುದನ್ನು ನಾವೂ ಮಾಡುತ್ತೇವೆ.

ಗಿಡ ಬಿಟ್ಟು ಉಳಿದ ಪದಗಳಲ್ಲೂ ಗಿಡ ಅಡಗಿರುತ್ತದೆ. ಸಾರ್ಡಾನಿಕ್ ಅಂದರೆ ಕಹಿಯಾದ, ಅಣಕಿಸುವ ನಗು. ಸಾರ್ಡೀನಿಯ ದ್ವೀಪದ ಒಂದು ಗಿಡ ತಿಂದರೆ ಮುಖ ಸೆಟೆದು ನಕ್ಕಂತೆ ಕಾಣುತ್ತದೆ ಅಂತ ಗ್ರೀಕರು ನಂಬಿದ್ದರು, ಪದ ಆ ಕಡೆಗೆ ವಾಲಿತು. ಸೆರೆಂಡಿಪಿಟಿ, ಅಂದರೆ ಹುಡುಕದೇ ಒಳ್ಳೆಯದು ಸಿಗುವುದು, ಅದಕ್ಕೆ ಮಾತ್ರ ಹುಟ್ಟಿದ ದಿನ ಕೂಡ ಇದೆ: 1754ರ ಜನವರಿ 28ರಂದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ಒಂದು ಪತ್ರದಲ್ಲಿ ಕಟ್ಟಿದ ಪದ ಅದು, ಸೆರೆಂಡಿಪ್ ಅಂದರೆ ಶ್ರೀಲಂಕಾದ ಹಳೆಯ ಹೆಸರು.

ಕಷ್ಟಗಳೂ ಇವೆ. ಮೊದಲ ಸಲ ಓದುವವರಿಗೆ ಇಸವಿಗಳು ದಾರಿ ತಪ್ಪಿಸುತ್ತವೆ. ಪದದ ಪಕ್ಕದ ಇಸವಿ ಅದು ಬರಹದಲ್ಲಿ ಮೊದಲು ಸಿಕ್ಕಿದ ಕಾಲ, ಹುಟ್ಟಿದ ಕಾಲ ಅಲ್ಲ. ಜನರ ಬಾಯಲ್ಲಿ ಅದಕ್ಕಿಂತ ಎಷ್ಟೋ ಮುಂಚೆ ಇದ್ದಿರಬಹುದು. ಕೆಲವು ಪದಗಳ ಮುಂದೆ ನಕ್ಷತ್ರದ ಗುರುತು ಇರುತ್ತದೆ. ಅದನ್ನು ಎಲ್ಲೂ ಯಾರೂ ಬರೆದಿಟ್ಟಿಲ್ಲ, ಭಾಷಾ ವಿದ್ವಾಂಸರು ಹೋಲಿಸಿ ಕಟ್ಟಿಕೊಂಡ ರೂಪ ಅಂತ ಅರ್ಥ. ಇಷ್ಟು ತಿಳಿದುಕೊಳ್ಳದೆ ಓದಿದರೆ ಊಹೆಯೂ ಪುರಾವೆಯೂ ಒಂದೇ ಅನ್ನಿಸಿಬಿಡುತ್ತದೆ. ಸಸ್ಯಶಾಸ್ತ್ರದವರು ಗಿಡಗಳಿಗೆ ಇಡುವ ಎರಡು ಪದದ ಲ್ಯಾಟಿನ್ ಹೆಸರುಗಳೆಲ್ಲ ಸಿಗುತ್ತವೆ ಅಂತ ಇಟ್ಟುಕೊಳ್ಳಬೇಡಿ, ಇದು ಇಂಗ್ಲಿಷ್ ಪದಗಳ ನಿಘಂಟು. ಮತ್ತೆ ಮಕ್ಕಳ ಜೊತೆ ಕೂತು ಹುಡುಕುವವರಿಗೆ ಒಂದು ಮಾತು, ಆರ್ಕಿಡ್ ಪದವನ್ನು ಮೊದಲು ನೀವೊಬ್ಬರೇ ನೋಡಿಕೊಳ್ಳಿ. ಅದರ ಜೋಡಿ ಗಡ್ಡೆಯನ್ನು ನೋಡಿ ಗ್ರೀಕರು ಇಟ್ಟ ಹೆಸರು ಗಂಡಸರ ವೃಷಣದ್ದು.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಮೂರು ಪದ ಕೊಡುತ್ತೇನೆ: ಟೀಕ್, ಅರೀಕ, ಬೀಟಲ್. ತೇಗ, ಅಡಿಕೆ, ವೀಳ್ಯದೆಲೆ. ಮೂರೂ ಮಲಯಾಳಂನಿಂದ ಪೋರ್ಚುಗೀಸರ ಬಾಯಿ ದಾಟಿ ಇಂಗ್ಲಿಷಿಗೆ ಹೋದವು. ಬೀಟಲ್‌ನ ಮೂಲ ವೆಟ್ಟಿಲ, ಅದರ ಕೊನೆಯ ಇಲ ಅಂದರೆ ನಮ್ಮ ಎಲೆ. ಅದನ್ನು ಓದಿ ಮುಗಿಸಿ ಜಿಂಜರ್‌ಗೆ ಬನ್ನಿ, ಎಲೆಯ ಆಮೇಲೆ ಬೇರು.