ಶಟಲ್ಲೋ, ಟರ್ಫ್ ಫುಟ್ಬಾಲೋ, ಫ್ರಿಸ್ಬಿಯೋ?

ಬೆಂಗಳೂರಿಗೆ ಹೊಸಬರು, ಆಫೀಸು ಬಿಟ್ಟರೆ ಗುರುತಿನವರಿಲ್ಲ, ಆಡುತ್ತಾ ನಾಲ್ಕು ಜನರ ಪರಿಚಯವಾಗಲಿ ಅನ್ನುವವರಿಗೆ ಸುಲಭದ ದಾರಿ ಶಟಲ್. ಪ್ಲೇಯೊದಂಥ ಆ್ಯಪ್‌ನಲ್ಲಿ ಹತ್ತಿರದ ಕೋರ್ಟಿನ ಆಟಕ್ಕೆ ಒಬ್ಬರೇ ಹೋಗಿ ಸೇರಬಹುದು. ಆದರೆ ಡಬಲ್ಸ್‌ನಲ್ಲೂ ಕೋರ್ಟಿನೊಳಗೆ ನಾಲ್ಕೇ ಜನ. ಮಾತುಕತೆಯೆಲ್ಲ ಬೆಂಚಿನ ಮೇಲೆ ಸರದಿ ಕಾಯುವಾಗ.

ಕೃತಕ ಹುಲ್ಲಿನ ಅಂಕಣದಲ್ಲಿ ಆಡುವ ಟರ್ಫ್ ಫುಟ್ಬಾಲ್ ರಾತ್ರಿ ದೀಪದ ಬೆಳಕಲ್ಲೂ ನಡೆಯುತ್ತದೆ. ಓಟ ಜಾಸ್ತಿ, ಮಂಡಿ ಹುಷಾರು. ಹಳೇ ಗೆಳೆಯರ ಗುಂಪಿಗೆ ಸಿಕ್ಕಿಕೊಂಡಿರೋ, ಪಾಸೇ ಬರುವುದಿಲ್ಲ!

ಸ್ನೇಹವೇ ಮುಖ್ಯವಾದರೆ ನನ್ನ ಓಟು ಅಲ್ಟಿಮೇಟ್ ಫ್ರಿಸ್ಬಿಗೆ, ಅಂದರೆ ತಟ್ಟೆಯಂಥ ಡಿಸ್ಕನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಾ ಮೈದಾನದ ಎದುರು ತುದಿಗೆ ಮುಟ್ಟಿಸುವ ಆಟಕ್ಕೆ. ತಂಡಕ್ಕೆ ಏಳು ಜನ, ಹೆಂಗಸರು ಗಂಡಸರು ಒಂದೇ ತಂಡದಲ್ಲಿ ಆಡುವುದು ಮಾಮೂಲು. ರೆಫರಿ ಇಲ್ಲ, ಫೌಲ್ ಆದರೆ ಆಟಗಾರರೇ ಮಾತಾಡಿ ಬಗೆಹರಿಸಿಕೊಳ್ಳಬೇಕು. ಡಿಸ್ಕ್ ಹಿಡಿದವರು ಅದರೊಂದಿಗೆ ಓಡುವಂತಿಲ್ಲ, ಎದುರಾಳಿ 10 ಎಣಿಸುವುದರೊಳಗೆ ಎಸೆಯಲೇಬೇಕು. ಹಾಗಾಗಿ ಒಬ್ಬರೇ ಮೆರೆಯಲಾಗದು. ಶಾಲೆಯಲ್ಲೇ ಆಡಿ ಬಂದವರು ಕಮ್ಮಿ, ಬಾರದವರಿಗೂ ಸಂಕೋಚವಿಲ್ಲ. ತೊಡಕು ಒಂದೇ: ಉದ್ದನೆಯ ಮೈದಾನ ಬೇಕು, ಎಲ್ಲ ಬಡಾವಣೆಯಲ್ಲೂ ಅದೆಲ್ಲಿ ಸಿಗುತ್ತದೆ?

ಟ್ರಾಫಿಕ್ಕಿನಲ್ಲಿ ಅಷ್ಟು ದೂರ ಹೋಗಲಾರೆ ಅನ್ನುವವರು ಶಟಲ್ ಬ್ಯಾಟನ್ನೇ ಕೊಳ್ಳಲಿ. ಆದರೆ ವಾರವಾರ ಅದೇ ಕೋರ್ಟು, ಅದೇ ಹೊತ್ತು, ಅದೇ ಗುಂಪು ಹಿಡಿಯಲಿ.